ಟಿಎಸ್‌ಎಚ್ ನಾರ್ಮಲ್ ಇದ್ದ ಮೇಲೂ ಕುತ್ತಿಗೆ ಸ್ಕ್ಯಾನ್ ಯಾಕೆ?

ಪ್ರಶ್ನೆ: ಅಮ್ಮನಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ, 11.4 ಇದೆ. ಪ್ಯಾರಾಥೈರಾಯ್ಡ್ ಆಪರೇಷನ್ ಆಗಬೇಕು ಅಂತ ಮಂಗಳೂರಿನಲ್ಲಿ ಹೇಳಿದ್ದಾರೆ. ಈಗ ಥೈರಾಯ್ಡ್ ಸ್ಕ್ಯಾನೂ ಬೇಕಂತೆ. ಟಿಎಸ್‌ಎಚ್ ಅಂತ ಥೈರಾಯ್ಡ್‌ನ ರಕ್ತ ಪರೀಕ್ಷೆ ಮೊನ್ನೆಯಷ್ಟೇ ಮಾಡಿಸಿದ್ದೇವೆ, ನಾರ್ಮಲ್. ಇದು ಸುಮ್ನೆ ಖರ್ಚಲ್ವಾ?
– ಬದಿಯಡ್ಕದ ಓದುಗರು

ಸುಮ್ನೆ ಖರ್ಚಲ್ಲ. ಮಾಡಿಸಿ.

ಕುಂಬಳೆಯಿಂದ, ಉಪ್ಪಳದಿಂದ, ಮುಳ್ಳೇರಿಯದಿಂದ ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ. ತಲಪಾಡಿ ದಾಟಿ ಹೋಗಿ ಟೋಕನ್ ಹಿಡಿದು ಕೂರುವವರಿಗೆ ಒಂದು ಪರೀಕ್ಷೆ ಜಾಸ್ತಿಯಾದರೂ ಕಿರಿಕಿರಿಯೇ. ಆದರೂ ಕೇಳಿ.

ಪ್ಯಾರಾಥೈರಾಯ್ಡ್ ಎಂದರೆ ಥೈರಾಯ್ಡ್‌ನ ಕಾಯಿಲೆಯಲ್ಲ. ಥೈರಾಯ್ಡ್‌ನ ಬೆನ್ನಿಗೆ ಅಂಟಿಕೊಂಡ, ಸಾಮಾನ್ಯವಾಗಿ ನಾಲ್ಕು ಪುಟ್ಟ ಗ್ರಂಥಿಗಳು. ಒಂದೊಂದೂ 30ರಿಂದ 50 ಮಿಲಿಗ್ರಾಂ ಅಷ್ಟೇ. ಕ್ಯಾಲ್ಸಿಯಂ ನೋಡಿಕೊಳ್ಳುವುದು ಅವುಗಳ ಕೆಲಸ. ಹೆಚ್ಚಿನವರಲ್ಲಿ ಒಂದೇ ಒಂದು ಗ್ರಂಥಿ ಊದಿಕೊಂಡು ಕ್ಯಾಲ್ಸಿಯಂ ಏರಿಸಿ ತೊಂದರೆ ಕೊಡುತ್ತದೆ. ಅದನ್ನು ತೆಗೆದರೆ ಆಯಿತು.

ಈಗ ಹಠಮಾರಿ ನಂಬಿಕೆಗೆ ಬರೋಣ. ‘ಟಿಎಸ್‌ಎಚ್ ಸರಿ ಇದೆ, ಅಂದರೆ ಥೈರಾಯ್ಡ್‌ನಲ್ಲಿ ಏನೂ ಇಲ್ಲ.’ ಎಷ್ಟು ಸಲ ಹೇಳಿದರೂ ಇದು ಹೋಗುವುದಿಲ್ಲ. ಲ್ಯಾಬ್ ಚೀಟಿಯಲ್ಲಿ 2.1 ಅಂತ ಇರುತ್ತದೆ, ಅದರ ಪಕ್ಕ ಯಾರೋ ಪೆನ್ನಿನಲ್ಲಿ ರೈಟ್ ಹಾಕಿರುತ್ತಾರೆ, ಅಲ್ಲಿಗೆ ಮನೆಯವರೆಲ್ಲ ನಿರಾಳ. ಆದರೆ ಟಿಎಸ್‌ಎಚ್ ಥೈರಾಯ್ಡ್‌ನಲ್ಲಿ ತಯಾರಾಗುವುದೇ ಇಲ್ಲ. ಅದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯದ್ದು. ಥೈರಾಯ್ಡ್ ಹಾರ್ಮೋನು ಸಾಕೋ ಸಾಲದೋ, ಜಾಸ್ತಿಯಾಯಿತೋ, ಅಷ್ಟನ್ನೇ ಅದು ಹೇಳುತ್ತದೆ. ಒಳಗೆ ಗಂಟು ಇದೆಯೇ? ಅದಕ್ಕೆ ಗೊತ್ತಿಲ್ಲ. ಗಂಟು ಇರುವ ಹೆಚ್ಚಿನವರ ಟಿಎಸ್‌ಎಚ್ ನಾರ್ಮಲ್ಲೇ. ಥೈರಾಯ್ಡ್ ಕ್ಯಾನ್ಸರ್ ಇರುವ ಹೆಚ್ಚಿನವರದ್ದೂ ನಾರ್ಮಲ್ಲೇ! ಅಡಿಕೆ ಮರದಲ್ಲಿ ಗೊನೆ ಚೆನ್ನಾಗಿದೆ ಅಂದ ಮಾತ್ರಕ್ಕೆ ಬುಡಕ್ಕೆ ಅಣಬೆ ರೋಗ ಹಿಡಿದಿಲ್ಲ ಎನ್ನಲಾದೀತೇ? ಬುಡ ಬಗ್ಗಿ ನೋಡಬೇಕು. ಇಲ್ಲಿ ಬಗ್ಗಿ ನೋಡುವುದೆಂದರೆ ಅಲ್ಟ್ರಾಸೌಂಡ್.

ಹಾಗಂತ ಗಂಟು ಕಂಡರೆ ಹೆದರಬೇಡಿ. ಬಹುಪಾಲು ನಿರುಪದ್ರವಿ. ಅನುಮಾನ ಬಂದದ್ದಕ್ಕೆ ಮಾತ್ರ ಸಣ್ಣ ಸೂಜಿ ಚುಚ್ಚಿ ಪರೀಕ್ಷೆ ಮಾಡುತ್ತಾರೆ.

ಮೊದಲೇ ನೋಡುವುದು ಯಾಕೆಂದರೆ, ಕೊಯ್ಯುವ ಜಾಗ ಒಂದೇ. ಥೈರಾಯ್ಡ್‌ನಲ್ಲೂ ತೆಗೆಯಬೇಕಾದ್ದು ಇದ್ದರೆ ಒಂದೇ ಸಲಕ್ಕೆ ಮುಗಿಸಬಹುದು. ಆಮೇಲೆ ಗೊತ್ತಾದರೆ ಅದೇ ಕುತ್ತಿಗೆ ಮತ್ತೆ ಬಿಚ್ಚಬೇಕು. ಎರಡನೇ ಸಲ ಒಳಗೆಲ್ಲ ಗಾಯದ ಅಂಟು. ಧ್ವನಿಪೆಟ್ಟಿಗೆಯ ನರ ಅಲ್ಲೇ ಹಾದುಹೋಗುತ್ತದೆ, ಅದಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ. ಇನ್ನೊಂದು ವಿಷಯ: ಊದಿದ ಗ್ರಂಥಿ ಎಲ್ಲಿದೆ ಎಂದು ಹುಡುಕುವ ಸೆಸ್ಟಾಮಿಬಿ ಸ್ಕ್ಯಾನ್‌ನಲ್ಲಿ ಥೈರಾಯ್ಡ್ ಗಂಟೂ ಹೊಳೆದು ದಾರಿ ತಪ್ಪಿಸಬಹುದು. ಹಾಗಾಗಿಯೇ 2016ರ ಅಮೆರಿಕದ ಎಂಡೊಕ್ರೈನ್ (ಹಾರ್ಮೋನು ಗ್ರಂಥಿಗಳ) ಸರ್ಜನ್‌ಗಳ ಮಾರ್ಗಸೂಚಿಯೂ ಆಪರೇಷನ್‌ಗೆ ಮೊದಲು ಥೈರಾಯ್ಡ್ ನೋಡಿ ಎನ್ನುತ್ತದೆ.

ಟಿಎಸ್‌ಎಚ್ ದಂಡ ಅಂತಲೂ ಅಲ್ಲ. ಅದು ತೀರಾ ಕಮ್ಮಿ ಬಂದರೆ ಥೈರಾಯ್ಡ್ ಜೋರಾಗಿದೆ ಎಂದರ್ಥ. ಅದನ್ನು ಹತೋಟಿಗೆ ತರದೆ ಅನಸ್ತೇಶಿಯಾ ಕೊಡುವುದು ಅಪಾಯ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಅಮ್ಮ ಮೊದಲೇ ಥೈರಾಯ್ಡ್ ಮಾತ್ರೆ ತಗೊಳ್ಳುವವರಾ? ಆಪರೇಷನ್ ಆದ ಮೇಲೆ ಸಾಮಾನ್ಯವಾಗಿ ಕ್ಯಾಲ್ಸಿಯಂ ಮಾತ್ರೆ ಬರೆಯುತ್ತಾರೆ. ಎರಡನ್ನೂ ಒಟ್ಟಿಗೆ ನುಂಗಿದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಸೇರುವುದಿಲ್ಲ. ಎರಡರ ನಡುವೆ 4 ಗಂಟೆ ಬಿಡಬೇಕು. ಮೂರು ಹೊತ್ತು ಕ್ಯಾಲ್ಸಿಯಂ ಬರೆದಿದ್ದರೆ ಬೆಳಗಿನದ್ದನ್ನು ಹೇಗೆ ಹೊಂದಿಸುವುದು ಅಂತ ಡಿಸ್ಚಾರ್ಜ್ ದಿನವೇ ಡಾಕ್ಟರನ್ನು ಕೇಳಿ. ನೀವಾಗಿ ನಿಲ್ಲಿಸಬೇಡಿ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಅಂದರೆ ಕ್ಯಾಲ್ಸಿಯಂ ಇಳಿದಿರಬಹುದು. ಆಗ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ.