ಮೇಜೋಂ ಕಾರೆ: ಮುಂದೆ ನಿಂತು ನೋಡಿದ್ದು ಸಾಲದು, ಪಕ್ಕಕ್ಕೂ ಬನ್ನಿ

ರೋಮನ್ ದೇವಸ್ಥಾನದ ಕಟ್ಟಡ ಹೇಗಿರುತ್ತಿತ್ತು ಅಂತ ಓದುತ್ತಿರುವವರು ದಕ್ಷಿಣ ಫ್ರಾನ್ಸ್‌ನ ನೀಮ್ ಊರಿನ ಮೇಜೋಂ ಕಾರೆಯಿಂದಲೇ ಶುರು ಮಾಡಿ. ಕಟ್ಟಿ ಸುಮಾರು 2000 ವರ್ಷ ಆಗಿದೆ. ಆದರೂ ಗೋಡೆ, ಕಂಬ, ಮುಂದಿನ ತ್ರಿಕೋನ ಎಲ್ಲ ನೆಟ್ಟಗೆ ನಿಂತಿವೆ, ಹಾಗಾಗಿ ಓದಿದ ಒಂದೊಂದು ಮಾತನ್ನೂ ಕಲ್ಲಿನ ಜೊತೆ ತಾಳೆ ನೋಡಬಹುದು.

ಮೊದಲು ಮುಂದೆ ನಿಲ್ಲಿ. ಕಟ್ಟಡ ಸುಮಾರು 3 ಮೀಟರ್ ಎತ್ತರದ ಜಗಲಿಯ ಮೇಲೆ ಕೂತಿದೆ, ಹತ್ತೋಕೆ ಮೆಟ್ಟಿಲು ಇರುವುದು ಮುಂದೆ ಮಾತ್ರ. 15 ಮೆಟ್ಟಿಲು. ಬೆಸ ಸಂಖ್ಯೆ ಯಾಕೆ? ಮೊದಲ ಮೆಟ್ಟಿಲಿಗೆ ಬಲಗಾಲು ಇಟ್ಟರೆ ಮೇಲೆ ತಲುಪುವಾಗಲೂ ಬಲಗಾಲೇ ಬರಬೇಕು ಅಂತ ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಬರೆದಿದ್ದಾನೆ. ಎದುರಿಗೆ 6 ಕೊರಿಂಥಿಯನ್ ಕಂಬ (ತಲೆಭಾಗದಲ್ಲಿ ಎಲೆಗಳ ಕೆತ್ತನೆ ಇರುವಂಥವು), ಅವುಗಳ ಹಿಂದೆ ಆಳವಾದ ಮುಖಮಂಟಪ, ಅದರಾಚೆ ಗರ್ಭಗುಡಿಯಂಥ ಒಂದೇ ಕೋಣೆ.

ಈಗ ಪಕ್ಕಕ್ಕೆ ಬನ್ನಿ. ನನಗೆ ತುಂಬಾ ಇಷ್ಟವಾಗುವುದು ಈ ಭಾಗ. ಒಟ್ಟು 30 ಕಂಬಗಳಲ್ಲಿ ಬಿಡಿಯಾಗಿ ನಿಂತಿರುವುದು ಮುಖಮಂಟಪದ 10 ಮಾತ್ರ, ಉಳಿದ 20 ಗೋಡೆಗೆ ಅಂಟಿಕೊಂಡ ಅರೆಗಂಬಗಳು. ಗ್ರೀಕರ ದೊಡ್ಡ ದೇವಸ್ಥಾನಗಳಲ್ಲಿ ಸಾಮಾನ್ಯವಾಗಿ ಸುತ್ತಲೂ ಕಂಬದ ಸಾಲು, ಅದಕ್ಕೂ ಗೋಡೆಗೂ ಮಧ್ಯೆ ಓಡಾಡುವ ಜಾಗ ಇರುತ್ತಿತ್ತು. ಇಲ್ಲಿ ಗೋಡೆಯನ್ನೇ ಕಂಬದ ಸಾಲಿನವರೆಗೆ ತಂದುಬಿಟ್ಟಿದ್ದಾರೆ. ಇದರಿಂದ ಒಳಗಿನ ಕೋಣೆಗೆ ಜಾಸ್ತಿ ಅಗಲ ಸಿಕ್ಕಿತು, ಹೊರಗಿನಿಂದ ನೋಡಿದರೆ ಸುತ್ತ ಕಂಬ ಇರುವ ಗಾಂಭೀರ್ಯವೂ ಉಳಿಯಿತು, ಜೊತೆಗೆ ಇಟಲಿಯ ಹಳೇ ಪದ್ಧತಿಯಂತೆ ಕಟ್ಟಡಕ್ಕೆ ಒಂದೇ ಒಂದು ಮುಖವೂ ಆಯಿತು. ಗ್ರೀಕ್ ರೂಪವನ್ನು ಸುಮ್ನೆ ನಕಲು ಮಾಡದೆ ತಮಗೆ ಬೇಕಾದಂತೆ ತಿರುಗಿಸಿಕೊಂಡಿದ್ದಾರೆ, ಅಲ್ವಾ? ಪರೀಕ್ಷೆಗೆ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಪಕ್ಕದಲ್ಲೇ ನಿಂತು ತಲೆ ಎತ್ತಿದರೆ ಕಂಬಗಳ ಮೇಲಿನ ಪಟ್ಟಿಯಲ್ಲಿ ಸುರುಳಿ ಸುರುಳಿಯಾಗಿ ಹೋಗುವ ಎಲೆಬಳ್ಳಿ ಕಾಣುತ್ತದೆ. ಎಷ್ಟು ಹೊತ್ತು ನೋಡಿದರೂ ಸಾಲದು. ಮುಂಭಾಗದಲ್ಲಿ ಮಾತ್ರ ಬಳ್ಳಿ ಇಲ್ಲ, ಅಲ್ಲಿ ಕಂಚಿನ ಅಕ್ಷರಗಳ ಶಾಸನ ಇತ್ತು. ಅಕ್ಷರಗಳು ಎಂದೋ ಹೋದವು, ಅವನ್ನು ಕೂರಿಸಲು ಕೊರೆದ ತೂತುಗಳು ಉಳಿದವು. 1758ರಲ್ಲಿ ಅದೇ ಊರಿನ ವಿದ್ವಾಂಸ ಜಾನ್ ಫ್ರಾನ್ಸ್ವಾ ಸೆಗಿಯೇ ಬರೀ ಆ ತೂತುಗಳ ಜಾಗ ನೋಡಿಕೊಂಡು ಶಾಸನವನ್ನು ಓದಿದ! ದೇವಸ್ಥಾನ ಗಾಯಸ್ ಮತ್ತು ಲೂಸಿಯಸ್ ಸೀಸರ್ ಹೆಸರಿನಲ್ಲಿದೆ ಅಂತ ಗೊತ್ತಾಗಿದ್ದು ಹೀಗೆ. ಇಬ್ಬರೂ ಅಗಸ್ಟಸ್ ಚಕ್ರವರ್ತಿಯ ಮೊಮ್ಮಕ್ಕಳು, ಅವನು ದತ್ತು ತೆಗೆದುಕೊಂಡಿದ್ದ ಹುಡುಗರು, ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡವರು.

ಇಷ್ಟು ಚೆನ್ನಾಗಿ ಉಳಿಯಲು ದೊಡ್ಡ ಕಾರಣ, ಜನ ಇದನ್ನು ಬಳಸುತ್ತಲೇ ಬಂದದ್ದು. ಮನೆ, ಕುದುರೆ ಲಾಯ, ಚರ್ಚು, ದಾಖಲೆಗಳ ಉಗ್ರಾಣ, ಮ್ಯೂಸಿಯಂ, ಎಲ್ಲವೂ ಆಗಿದೆ. ಆದ್ದರಿಂದ ಒಳಗೆ ಹೋದಾಗ ಜೋಪಾನ: ಈಗಿನ ಬಾಗಿಲು, ಚಾವಣಿ 19ನೇ ಶತಮಾನದವು, ರೋಮನ್ನರದ್ದು ಅಂತ ಬರೆದುಕೊಳ್ಳಬೇಡಿ. 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೂ ಸೇರಿತು.

ಒಂದು ಅಭ್ಯಾಸ ಮಾಡಿ ನೋಡಿ. ಅಮೆರಿಕದ ಥಾಮಸ್ ಜೆಫರ್ಸನ್ ವರ್ಜೀನಿಯಾದ ಶಾಸನಸಭೆ ಕಟ್ಟಡಕ್ಕೆ ಮಾದರಿಯಾಗಿ ತೆಗೆದುಕೊಂಡದ್ದು ಇದನ್ನೇ. ಎರಡರ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ಕಂಬದ ತಲೆಭಾಗ ಹೋಲಿಸಿ: ಜೆಫರ್ಸನ್ ಕೊರಿಂಥಿಯನ್ ಬಿಟ್ಟು, ತಲೆಭಾಗದಲ್ಲಿ ಸುರುಳಿಗಳಿರುವ ಅಯೋನಿಕ್ ಆರಿಸಿಕೊಂಡಿದ್ದಾನೆ. ಆಮೇಲೆ ಪಕ್ಕದ ಗೋಡೆ ನೋಡಿ, ಅಲ್ಲಿ ಕಿಟಕಿಗಳು ಬಂದಿವೆ, ಕಚೇರಿ ಅಂದಮೇಲೆ ಬೆಳಕು ಬೇಕಲ್ಲ.