ಸೀಟು ಎಚ್‌ಒಡಿ ಕೈಯಲ್ಲಿಲ್ಲ

ರಾಜ್ಯಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡಲು ಬರುವವರು ವಿಭಾಗದ ನಾಮಫಲಕದಲ್ಲಿ ಒಂಬತ್ತು ಹೆಸರು ಕಂಡ ಕೂಡಲೇ ಲೆಕ್ಕ ಹಾಕಿಬಿಡುತ್ತಾರೆ: ಇಷ್ಟು ಜನ ಮೇಷ್ಟ್ರಿದ್ದಾರೆ, ನನಗೊಂದು ಸೀಟು ಇರದೇ? ಆಮೇಲೆ ವಿಭಾಗದ ಮುಖ್ಯಸ್ಥರ, ಅಂದರೆ ಎಚ್‌ಒಡಿ ಕೊಠಡಿಗೆ ಹೋಗಿ ‘ಸರ್, ಹೇಗಾದರೂ ಮಾಡಿ’ ಎಂದು ಕೂರುತ್ತಾರೆ. ಸೀಟು ಇರುವುದು ವಿಭಾಗದ ಲೆಕ್ಕದಲ್ಲಲ್ಲ, ಒಬ್ಬೊಬ್ಬ ಗೈಡ್ ಹೆಸರಿನಲ್ಲಿ. ಎಷ್ಟು ಸಲ ಹೇಳಿದರೂ ಇದು ತಲೆಗೆ ಹೋಗುವುದಿಲ್ಲ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದಂತೆ ಒಂದೇ ಕಾಲಕ್ಕೆ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾರ್ಥಿಗಳಿಗೆ ಮಾರ್ಗದರ್ಶನ ಮಾಡಬಹುದು. ಇದು ಮಿತಿ, ಖಾಲಿ ಸ್ಥಾನವಲ್ಲ. ಮೊದಲ ಎರಡು ಹುದ್ದೆಯವರಿಗೆ ಪಿಎಚ್‌.ಡಿ. ಜೊತೆ ಕನಿಷ್ಠ 5, ಸಹಾಯಕ ಪ್ರಾಧ್ಯಾಪಕರಿಗೆ 3 ಪರಿಶೀಲಿತ (ವಿಷಯ ತಜ್ಞರು ಪರಿಶೀಲಿಸಿದ ಮೇಲೆ ಪ್ರಕಟವಾದ) ಲೇಖನಗಳಿರಬೇಕು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ.

ಆ ಒಂಬತ್ತರಲ್ಲಿ ನಾಲ್ವರು ಅತಿಥಿ ಉಪನ್ಯಾಸಕರು ಅಂದುಕೊಳ್ಳಿ: ಕಾಯಂ ಅಲ್ಲದವರು ಗೈಡ್ ಆಗುವಂತಿಲ್ಲ, ಅಲ್ಲಿ ಸೊನ್ನೆ. ಎಂ.ಎ.ಯಲ್ಲಿ ನಿಮಗೆ ಎಲ್ಲರಿಗಿಂತ ಚೆನ್ನಾಗಿ ಪಾಠ ಹೇಳಿದವರು ಅವರೇ ಇರಬಹುದು. ಸಲಹೆ ಕೇಳಿ, ಗೈಡ್ ಸಹಿ ಕೇಳಬೇಡಿ. ಇರುವ ಒಬ್ಬ ಪ್ರಾಧ್ಯಾಪಕರು ಇನ್ನೆರಡು ವರ್ಷಕ್ಕೆ ನಿವೃತ್ತರು: ಸೊನ್ನೆ. ಸಹ ಪ್ರಾಧ್ಯಾಪಕರ ಬಳಿ ಈಗಾಗಲೇ ಐವರಿದ್ದಾರೆ: ಒಂದು. ಮೂವರು ಸಹಾಯಕ ಪ್ರಾಧ್ಯಾಪಕರಲ್ಲಿ ಒಬ್ಬರಿಗೆ ಲೇಖನ ಸಾಲದು, ಒಬ್ಬರದು ಭರ್ತಿ, ಇನ್ನೊಬ್ಬರ ಬಳಿ ಮೂವರು: ಮತ್ತೊಂದು. ಒಂಬತ್ತು ಹೆಸರಿಗೆ ಎರಡು ಸೀಟು, ಅದೂ ಮೀಸಲಾತಿ ರೋಸ್ಟರ್ ಬಿಂದುವಿಗೆ (ಯಾವ ಸೀಟು ಯಾವ ವರ್ಗಕ್ಕೆ ಎಂಬ ಸರದಿಗೆ) ಒಳಪಟ್ಟು. ಪ್ರಬಂಧ ಸಲ್ಲಿಸಿದವರನ್ನು ಯಾವಾಗ ಲೆಕ್ಕದಿಂದ ಬಿಡುತ್ತಾರೆ ಎಂಬುದು ಆಯಾ ವಿಶ್ವವಿದ್ಯಾಲಯದ ಅಧಿನಿಯಮ ನೋಡಿಯೇ ಹೇಳಬೇಕಾದ್ದು.

ಎಚ್‌ಒಡಿ ಈ ಲೆಕ್ಕವನ್ನು ಮೇಲಕ್ಕೆ ಕಳಿಸಬಲ್ಲರು, ಹಿಗ್ಗಿಸಲಾರರು. ಆ ಹುದ್ದೆ ಸರದಿಯಲ್ಲಿ ಬರುವುದರಿಂದ, ನೀವು ಓಲೈಸಿದವರು ಸಂದರ್ಶನದ ದಿನಕ್ಕೆ ಆ ಕುರ್ಚಿಯಲ್ಲಿ ಇರದೆಯೂ ಹೋಗಬಹುದು.

ಗೈಡ್ ಖಾಲಿ ಇದ್ದರೂ ವಿಷಯ ಹೊಂದಬೇಕು. ಅಂತರರಾಷ್ಟ್ರೀಯ ಸಂಬಂಧದವರ ಬಳಿಗೆ ‘ಪಂಚಾಯಿತಿಯಲ್ಲಿ ಮಹಿಳೆಯರು’ ಎಂದು ಹೋಗುವವರೇ ಹೆಚ್ಚು. ಆ ವಿಷಯ ಕೆಟ್ಟದ್ದಲ್ಲ, ಅಗಲ ಜಾಸ್ತಿ. ಕರ್ನಾಟಕದ 1983ರ ಪಂಚಾಯಿತಿ ಕಾಯ್ದೆಯ ಶೇ 25 ಮಹಿಳಾ ಮೀಸಲಿನಡಿ 1987ರಲ್ಲಿ ಆಗಿನ ಮಂಡಲ ಪಂಚಾಯಿತಿಗೆ ಆಯ್ಕೆಯಾದವರು, ಈಗಿನ ಶೇ 50ರಡಿ ಬಂದವರು – ಇಬ್ಬರನ್ನೂ ಒಂದೇ ತಾಲ್ಲೂಕಿನಲ್ಲಿ ಹೋಲಿಸುತ್ತೇನೆ ಎನ್ನಿ, ಸ್ಥಳೀಯ ಆಡಳಿತ ಓದಿಸುವವರು ಕಿವಿ ನಿಮಿರಿಸುತ್ತಾರೆ. 1987ರವರನ್ನು ಬೇಗ ಹುಡುಕಿ, ಅವರಿಗೆ ವಯಸ್ಸಾಗಿದೆ.

ಯಾರ ಬಳಿ ಎಷ್ಟು ಖಾಲಿ ಎಂದು ವಿಭಾಗದ ಕಚೇರಿಯ ದ್ವಿತೀಯ ದರ್ಜೆ ಸಹಾಯಕರನ್ನು, ಅಂದರೆ ಎಸ್‌ಡಿಎ ಅವರನ್ನು ಕೇಳಿ. ನೋಂದಣಿ ಕಡತ ಸಾಮಾನ್ಯವಾಗಿ ಇರುವುದು ಅವರ ಮೇಜಿನಲ್ಲಿ. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ವಾರ ಬಿಟ್ಟು ಹೋಗಿ. ‘ಸೀಟು ಇದೆಯಾ ಮೇಡಂ’ ಅನ್ನಬೇಡಿ; ‘ಈ ಸಲದ ಅಧಿಸೂಚನೆಗೆ ಗೈಡ್‌ವಾರು ಖಾಲಿ ಪಟ್ಟಿ ಹೋಗಿದೆಯೇ, ಯಾವ ದಿನಾಂಕದ್ದು?’ ಅನ್ನಿ. ಹೋಗಿಲ್ಲವೆಂದರೆ ಒಂದು ತಿಂಗಳು ಬಿಟ್ಟು ಬನ್ನಿ.