ನಮ್‌ಪೈ ಕಲಿಯುವವರು ಮೊದಲು ಕೇಳಬೇಕಾದ ಪ್ರಶ್ನೆ: ಆಕಾರ ಏನು?

ಪೈಥಾನ್ ಬಲ್ಲವರು ನಮ್‌ಪೈ (ಸಂಖ್ಯೆಗಳ ಲೆಕ್ಕಕ್ಕೆಂದೇ ಇರುವ ಪೈಥಾನ್ ಲೈಬ್ರರಿ) ಕಲಿಯಲು ಕೂತರೆ ಫಂಕ್ಷನ್‌ಗಳ ಪಟ್ಟಿ ಹಿಡಿದು ಬಾಯಿಪಾಠ ಮಾಡತೊಡಗುತ್ತಾರೆ. ಫಂಕ್ಷನ್‌ಗಳು ನೂರಾರಿವೆ, ಬೇಕೆಂದಾಗ ಹುಡುಕಿದರೆ ಸಿಗುತ್ತವೆ. ಅರೇ, ಅಂದರೆ ನಮ್‌ಪೈ ಸಂಖ್ಯೆಗಳನ್ನು ಜೋಡಿಸಿಡುವ ಸಾಲು ಅಥವಾ ಕೋಷ್ಟಕ, ಮೆಮೊರಿಯಲ್ಲಿ ಹೇಗೆ ಕೂತಿದೆ ಎಂಬ ಚಿತ್ರ ಮಾತ್ರ ತಲೆಯಲ್ಲೇ ಇರಬೇಕು. ಅದಿಲ್ಲದಿದ್ದರೆ ಪ್ರೋಗ್ರಾಂ ಸಲೀಸಾಗಿ ಓಡಿ ತಪ್ಪು ಉತ್ತರ ಕೊಟ್ಟರೂ ಗೊತ್ತಾಗುವುದಿಲ್ಲ.

ಪೈಥಾನಿನ ಲಿಸ್ಟ್ ಒಳಗೆ ಇರುವುದು ಸಂಖ್ಯೆಗಳಲ್ಲ, ಅವುಗಳ ವಿಳಾಸಗಳು. 64 ಬಿಟ್ ಕಂಪ್ಯೂಟರಿನಲ್ಲಿ ಪ್ರತಿ ವಿಳಾಸಕ್ಕೆ 8 ಬೈಟ್, ಆ ವಿಳಾಸದಲ್ಲಿರುವ ಸಣ್ಣ ಪೂರ್ಣಾಂಕಕ್ಕೆ 28 ಬೈಟ್. ಬೇರೆ ಬೇರೆ ಹತ್ತು ಲಕ್ಷ ಸಂಖ್ಯೆಗಳಿಗೆ ಸುಮಾರು 36 ಮೆಗಾಬೈಟ್ ಆಯಿತು. ಅವೇ ಸಂಖ್ಯೆಗಳು 64 ಬಿಟ್ ಅರೇಯಲ್ಲಿ 8 ಮೆಗಾಬೈಟಿನಲ್ಲಿ ಮುಗಿಯುತ್ತವೆ. ಎಲ್ಲವೂ ಒಂದೇ ಜಾತಿ, ಒಂದರ ಪಕ್ಕ ಒಂದು. ಹಾಗಾಗಿ ಲೆಕ್ಕವನ್ನೆಲ್ಲ ಒಳಗಿರುವ ಸಿ ಭಾಷೆಯ ಕೋಡ್ ಒಂದೇ ಓಟದಲ್ಲಿ ಮಾಡಿ ಮುಗಿಸುತ್ತದೆ. ಅರೇ ಮೇಲೆ ಫಾರ್ ಲೂಪ್ ಬರೆದರೆ ಈ ಲಾಭವೆಲ್ಲ ಹೋಯಿತು: ಪ್ರತಿ ಸಂಖ್ಯೆಯನ್ನೂ ಮತ್ತೆ ಪೈಥಾನ್ ಆಬ್ಜೆಕ್ಟ್ ಮಾಡಿ ಹೊರತೆಗೆಯಬೇಕಾಗುತ್ತದೆ, ಎಷ್ಟೋ ಸಲ ಲಿಸ್ಟ್‌ಗಿಂತಲೂ ನಿಧಾನ. 1995ರ ನ್ಯೂಮರಿಕ್, ಆಮೇಲಿನ ನಮ್‌ಅರೇ ಎಂಬ ಎರಡು ಲೈಬ್ರರಿಗಳನ್ನು ಒಗ್ಗೂಡಿಸಿ ಟ್ರಾವಿಸ್ ಆಲಿಫೆಂಟ್ 2006ರಲ್ಲಿ ನಮ್‌ಪೈ 1.0 ಹೊರತಂದಾಗಲೂ ನಡುವೆ ಇದ್ದದ್ದು ಇದೇ ಅರೇ.

ಒಂದು ಉದಾಹರಣೆ ಹಿಡಿಯೋಣ. ವರ್ಷವಿಡೀ ಗಂಟೆಗೊಮ್ಮೆ ಅಳೆದ ತಾಪಮಾನ: 365 ಸಾಲು, 24 ಕಂಬಸಾಲು. ಅರೇಯನ್ನು 'ತ' ಎಂದು ಕರೆಯೋಣ. ಅದರ ಆಕಾರ, ಅಂದರೆ ಎಷ್ಟು ಸಾಲು, ಎಷ್ಟು ಕಂಬಸಾಲು ಎಂಬುದು, (365, 24). ಮೆಮೊರಿಯಲ್ಲಿ ಮಾತ್ರ 8,760 ಸಂಖ್ಯೆಗಳ ಒಂದೇ ಉದ್ದ ಸಾಲು. ಮುಂದಿನ ಗಂಟೆಗೆ 8 ಬೈಟ್ ದಾಟು, ಮುಂದಿನ ದಿನಕ್ಕೆ 192 ಬೈಟ್ ದಾಟು ಎಂಬ ಟಿಪ್ಪಣಿ ಜೊತೆಗಿರುತ್ತದೆ. ಅರೇಯನ್ನು ಟ್ರಾನ್ಸ್‌ಪೋಸ್ ಮಾಡಿದಾಗ (ಸಾಲುಗಳನ್ನು ಕಂಬಸಾಲುಗಳನ್ನಾಗಿ ತಿರುಗಿಸಿದಾಗ) ಒಂದು ಸಂಖ್ಯೆಯೂ ಅಲುಗುವುದಿಲ್ಲ, ಟಿಪ್ಪಣಿಯ ಎರಡು ಅಂಕಿಗಳು ಅದಲುಬದಲಾಗುತ್ತವೆ, ಅಷ್ಟೇ.

ಹೊಸಬರು ಬೀಳುವ ಮೊದಲ ಹಳ್ಳದ ಮೂಲವೂ ಇಲ್ಲೇ ಇದೆ. ಜನವರಿ ಬೇಕೆಂದು 'ಜ = ತ[0:31]' ಎಂದು ತೆಗೆದುಕೊಂಡರೆ ಸಿಗುವುದು ಹೊಸ ಪ್ರತಿಯಲ್ಲ, ಅದೇ ಮೆಮೊರಿಯ ಒಂದು ಕಿಟಕಿ. 'ಜ -= 5' ಎಂದು ಬರೆದರೆ ಮೂಲದ ಜನವರಿಯೂ ಐದು ಡಿಗ್ರಿ ಇಳಿಯುತ್ತದೆ. 'ಜ = ಜ - 5' ಎಂದರೆ ಹೊಸ ಅರೇ ಹುಟ್ಟುತ್ತದೆ, ಮೂಲ ಹಾಗೇ ಉಳಿಯುತ್ತದೆ. ಆದರೆ ತ[ತ > 40] ಎಂಬ ಷರತ್ತಿನ ಆಯ್ಕೆ ಪ್ರತಿಯನ್ನೇ ಕೊಡುತ್ತದೆ, ಏಕೆಂದರೆ ಅಲ್ಲಲ್ಲಿ ಚದುರಿದ ಸಂಖ್ಯೆಗಳನ್ನು ಸಮಾನ ಅಂತರದ ದಾಟಿನಲ್ಲಿ ಹೇಳಲು ಆಗುವುದಿಲ್ಲ. ಅನುಮಾನವಿದ್ದಲ್ಲಿ ಕಾಪಿ ಎಂದು ಸ್ಪಷ್ಟವಾಗಿ ಬರೆಯಿರಿ.

ಇನ್ನು ಬ್ರಾಡ್‌ಕಾಸ್ಟಿಂಗ್, ಅಂದರೆ ಬೇರೆ ಬೇರೆ ಆಕಾರದ ಅರೇಗಳನ್ನು ಹೊಂದಿಸಿ ಲೆಕ್ಕ ಮಾಡುವ ರೀತಿ. ಇದಕ್ಕೆ ಎಷ್ಟು ಸಮಯ ಕೊಟ್ಟರೂ ನಷ್ಟವಿಲ್ಲ. ಪ್ರತಿ ದಿನದ ಸರಾಸರಿಯನ್ನು ಆ ದಿನದ ಗಂಟೆಗಳಿಂದ ಕಳೆಯಬೇಕು ಎನ್ನಿ. ಆಕ್ಸಿಸ್ 1ರ ಮೇಲೆ (ಇಲ್ಲಿ ಗಂಟೆಗಳ ದಿಕ್ಕಿನಲ್ಲಿ) ಸರಾಸರಿ ತೆಗೆದರೆ ಬರುವ ಆಕಾರ (365,). ಅದನ್ನು 'ತ'ದಿಂದ ಕಳೆಯಹೋದರೆ ಎರರ್. ನಮ್‌ಪೈ ಆಕಾರಗಳನ್ನು ಬಲಗಡೆಯಿಂದ ಜೋಡಿಸಿ ನೋಡುತ್ತದೆ. ಎರಡೂ ಒಂದೇ ಆಗಿರಬೇಕು, ಇಲ್ಲವೇ ಒಂದು ಕಡೆ 1 ಇರಬೇಕು. ಇಲ್ಲಿ 24ರ ಎದುರು 365 ನಿಂತಿದೆ. ಸರಾಸರಿ ತೆಗೆಯುವಾಗ ಕೀಪ್‌ಡಿಮ್ಸ್ (ಆಯಾಮವನ್ನು ಉಳಿಸಿಕೊ ಎನ್ನುವ ಆಯ್ಕೆ) ಅನ್ನು ಟ್ರೂ ಮಾಡಿದರೆ ಆಕಾರ (365, 1) ಆಗಿ ಕಳೆಯುವಿಕೆ ಸರಿಹೋಗುತ್ತದೆ.

ಎರರ್ ಬಂದರೆ ಪುಣ್ಯ. ಬಾರದಿದ್ದರೇ ಅಪಾಯ. ಅಳೆದ ಬೆಲೆಗಳು (10000, 1) ಆಕಾರದಲ್ಲಿ, ಊಹಿಸಿದ ಬೆಲೆಗಳು (10000,) ಆಕಾರದಲ್ಲಿ ಇದ್ದರೆ ವ್ಯತ್ಯಾಸದ ಆಕಾರ (10000, 10000) ಆಗುತ್ತದೆ! ಹತ್ತು ಕೋಟಿ ಸಂಖ್ಯೆ, 800 ಮೆಗಾಬೈಟ್. ಅದರ ವರ್ಗಗಳ ಸರಾಸರಿ ತೆಗೆದರೆ ನಂಬುವಂಥ ಒಂದು ಅಂಕಿ ಬಂದೇ ಬರುತ್ತದೆ. ಪ್ರತಿ ಅಳತೆಯನ್ನೂ ಎಲ್ಲ ಊಹೆಗಳೊಂದಿಗೆ ಹೋಲಿಸಿದ ಆ ಅಂಕಿಗೆ ಅರ್ಥವೇ ಇಲ್ಲ. ಕಳೆಯುವ ಮುನ್ನ ಎರಡರ ಆಕಾರವನ್ನೂ ಪ್ರಿಂಟ್ ಮಾಡಿ ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಆಕಾರದ ಜೊತೆ ಡಿಟೈಪ್ ಅನ್ನೂ, ಅಂದರೆ ಸಂಖ್ಯೆಗಳ ಜಾತಿಯನ್ನೂ, ಕೇಳಿ. ಚಿತ್ರಗಳ ಪಿಕ್ಸೆಲ್‌ಗಳು ಸಾಮಾನ್ಯವಾಗಿ 0ರಿಂದ 255ರವರೆಗಿನ 8 ಬಿಟ್ ಸಂಖ್ಯೆಗಳು. ಹೊಳಪು ಹೆಚ್ಚಿಸಲು 200ಕ್ಕೆ 100 ಸೇರಿಸಿದರೆ 255 ದಾಟಿ ಎಣಿಕೆ ಮತ್ತೆ 0ರಿಂದ ಶುರುವಾಗಿ 44 ಬರುತ್ತದೆ, ಬೆಳಕಿದ್ದ ಜಾಗ ಕಪ್ಪಾಗುತ್ತದೆ, ಎಚ್ಚರಿಕೆಯ ಸಂದೇಶವೂ ಇರುವುದಿಲ್ಲ. ಮೊದಲು ಫ್ಲೋಟ್‌ಗೆ (ದಶಮಾಂಶ ಸಂಖ್ಯೆಗೆ) ಬದಲಿಸಿ ಕೂಡಿ. ಅಳತೆ ತಪ್ಪಿಹೋದ ಕಡೆ -999 ಎಂದು ತುಂಬಿದ್ದರೆ ಅದನ್ನು ನ್ಯಾನ್ ('ಸಂಖ್ಯೆಯಲ್ಲ' ಎಂಬ ಗುರುತು) ಮಾಡಿ, ಅಂಥವನ್ನು ಬಿಟ್ಟು ಸರಾಸರಿ ತೆಗೆಯುವ ನ್ಯಾನ್‌ಮೀನ್ ಬಳಸಿ. ನ್ಯಾನ್ ತನಗೆ ತಾನೇ ಸಮವಲ್ಲ, ಆದ್ದರಿಂದ == ಹಾಕಿ ಹುಡುಕಿದರೆ ಒಂದೂ ಸಿಗದು; ಇಸ್‌ನ್ಯಾನ್ ಬೇಕು. ಪ್ರಮಾಣಿತ ವಿಚಲನೆ ಲೆಕ್ಕ ಹಾಕುವಾಗ ನಮ್‌ಪೈ ತಾನಾಗಿ 'ಎನ್'ನಿಂದ (ಸಂಖ್ಯೆಗಳ ಎಣಿಕೆಯಿಂದ) ಭಾಗಿಸುತ್ತದೆ, ಕೋಷ್ಟಕಗಳ ಲೈಬ್ರರಿಯಾದ ಪಾಂಡಾಸ್ 'ಎನ್ - 1'ರಿಂದ. ಎರಡೂ ಕಡೆಯ ಉತ್ತರ ಹೊಂದದಿದ್ದರೆ 'ಎನ್'ನಿಂದ ಎಷ್ಟು ಕಳೆಯಬೇಕೆಂದು ಹೇಳುವ ಡಿಡಿಒಎಫ್ ಎಷ್ಟಿದೆ ನೋಡಿ.

ಅಭ್ಯಾಸಕ್ಕೆ (2, 3) ಆಕಾರದ ಪುಟ್ಟ ಅರೇ ಸಾಕು, ಉತ್ತರವನ್ನು ಕಾಗದದ ಮೇಲೂ ಲೆಕ್ಕ ಹಾಕಬಹುದು. (3, 3) ಮಾತ್ರ ಬೇಡ. ಅಲ್ಲಿ ಸಾಲಿನ ಸರಾಸರಿಯನ್ನು ಕಂಬಸಾಲಿನಿಂದ ಕಳೆದರೂ ಆಕಾರ ಹೊಂದಿಕೊಂಡು ತಪ್ಪು ಮುಚ್ಚಿಹೋಗುತ್ತದೆ.